ತಗಡಿನ ಲಾಯ, 42 ಡಿಗ್ರಿ ಬಿಸಿಲು: ಮರಿತಾಯಿ ಕುದುರಿ ನೀರು ಮೂಸಿ ಬಿಡತೈತಿ

ತ್ವಾಟದ_ಲಾಯ (ವಿಜಯಪುರ ಕಡೆ):
ನಮಸ್ಕಾರ್ರಿ. ಮನಿ ಲಾಯದಾಗ ನಾಕು ಮಾರವಾಡಿ ಕುದುರಿ, ಎರಡು ತಿಂಗಳ ಒಂದು ಮರಿ ಅದಾವ. ದೊಡ್ಡವು 350–400 ಕೆಜಿ. ಮ್ಯಾಲ ತಗಡು, ಎತ್ತರ 10 ಫುಟ್, ಬಾಗಿಲಾ ಪಶ್ಚಿಮಕ್ಕ. ವಾರದಿಂದ ಮಧ್ಯಾಹ್ನ 42 ಡಿಗ್ರಿ ದಾಟಾಕತ್ತೈತಿ. ಬೆನ್ನ ಮ್ಯಾಲ ಹಸಿ ಗೋಣಿಚೀಲ ಹಾಕಿ ಫ್ಯಾನ್ ಹಚ್ಚೇವಿ. ಆದರೂ ಮರಿತಾಯಿ ಏದುಸಿರು ಬಿಡತೈತಿ, ಮೈ ಪೂರಾ ಒಣ, ಲದ್ದಿ ಸಣ್ಣದು, ಗಟ್ಟಿ. ನೀರು ಮೂಸಿ ಬಿಡತೈತಿ. ಮೇವು ಜೋಳದ ಕಣಕಿ, ನೆನೆಸಿದ ಹುರಳಿ, ಬೂಸಾ. ಬೆವರು ನಿಂತೈತೇನು? ಬಿಸಿ ಮೈಗೆ ತಣ್ಣೀರು ಹಾಕಿದ್ರ ಸೆಟೆದು ಬೀಳತಾವ ಅಂತ ಹಿರ್ಯಾರು ಅಂತಾರ, ಖರೇ ಏನ್ರಿ?

ನಾಡಿ_ನೋಡಿ:
ಮೊದಲು ಗೋಣಿಚೀಲ ತೆಗೀರಿ. ಹತ್ತು ನಿಮಿಷದಲ್ಲಿ ಅದು ಮೈಯ ಬಿಸಿಗೇ ಕಾದು, ಒಳಗಿನ ಹಬೆ ಆಚೆ ಹೋಗದಂತೆ ಕಂಬಳಿ ಹೊದಿಸಿದ ಹಾಗಾಗುತ್ತೆ. ತಣ್ಣೀರಿನ ಮಾತು ಹಳೇ ನಂಬಿಕೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುಂಚೆ ಇದನ್ನೇ ಪ್ರಯೋಗ ಮಾಡಿ ನೋಡಿದ್ದಾರೆ: ಕಾದ ಕುದುರೆಗೆ ತಣ್ಣೀರು ಸುರಿದರೆ ಸ್ನಾಯು ಹಿಡಿಯಲ್ಲ, ಮೈಕಾವು ಬೇಗ ಇಳಿಯುತ್ತೆ.

ಇನ್ನು ಬೆವರು. ನಿಮ್ಮ ಕಡೆ ಒಣ ಗಾಳಿ, ಬೆವರು ಹುಟ್ಟಿದ ಹಾಗೇ ಆರಿಹೋಗುತ್ತೆ. ಕುತ್ತಿಗೆ ಪಕ್ಕ, ಕಿವಿ ಹಿಂದೆ ಕೂದಲನ್ನು ಉಲ್ಟಾ ಸವರಿ ನೋಡಿ. ಬೆರಳಿಗೆ ಬಿಳಿ ಹಿಟ್ಟಿನಂತೆ ಉಪ್ಪು ಅಂಟಿದರೆ ಬೆವರು ಬರ್ತಿದೆ. ಉಪ್ಪೂ ಇಲ್ಲ, ಜೂಲಿನ ಬುಡ ಬಿಟ್ಟು ಎಲ್ಲೂ ಒದ್ದೆಯೇ ಆಗಲ್ಲ, ಮುಖದ ಕೂದಲು ಉದುರ್ತಿದೆ ಅಂದರೆ ಮಾತ್ರ ಬೆವರು ನಿಲ್ಲುವ ಕಾಯಿಲೆ ಅಂತ ಯೋಚಿಸಬೇಕು.

ಥರ್ಮಾಮೀಟರ್ ಹಚ್ಚಿ. ಮನುಷ್ಯರ ಡಿಜಿಟಲ್‌ದೇ ಸಾಕು. ತುದಿಗೆ ಎಣ್ಣೆ ಸವರಿ, ಹಿಂದಕ್ಕೆ ದಾರ ಕಟ್ಟಿ ಬಾಲಕ್ಕೆ ಸಿಕ್ಕಿಸಿ, ಗುದದೊಳಗೆ ಎರಡಿಂಚು ಹೋಗಲಿ, ಗೋಡೆಗೆ ತಾಗಿರಲಿ. ಲದ್ದಿಯ ನಡುವೆ ಚುಚ್ಚಿದರೆ ಲೆಕ್ಕ ತಪ್ಪುತ್ತೆ. ಬೆಳಗ್ಗೆ 5ಕ್ಕೆ ಒಮ್ಮೆ, ಮಧ್ಯಾಹ್ನ 3ಕ್ಕೆ ಒಮ್ಮೆ. ಸಹಜ ಅಂದರೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಬೆಳಗಿನ ಜಾವದ ತಂಪಿನಲ್ಲೂ 39 ಇದ್ದರೆ ಅದು ಬಿಸಿಲಲ್ಲ, ಜ್ವರ. ನೊಣ ಕಚ್ಚಿ ಬರೋ ಸರ್ರಾ, ಉಣ್ಣಿ ಕಚ್ಚಿ ಬರೋ ಬಬೇಸಿಯಾ, ಈ ಎರಡು ರಕ್ತದ ರೋಗಗಳೂ ಹೀಗೇ ಮೋಸ ಮಾಡ್ತವೆ. ರಕ್ತದ ಸ್ಲೈಡ್ ಮಾಡಿಸಲೇಬೇಕು.

ತ್ವಾಟದ_ಲಾಯ:
ನೋಡಿದ್ವಿ ಸರ್. ಬೆಳಿಗ್ಗೆ 37.8, ಮಧ್ಯಾಹ್ನ 39.2. ಉಪ್ಪು ಕೈಗೆ ಹತ್ತತೈತಿ. ನೀರು ಮ್ಯಾಲಿನ ಕರಿ ಟ್ಯಾಂಕಿನಿಂದ ಪೈಪಿನಾಗ ಬಾನಿಗೆ ಬರತೈತಿ.

ಹುರುಳಿಕಟ್ಟು:
ಅಲ್ಲೇ ಇದೆ ನೋಡಿ. ಮಧ್ಯಾಹ್ನ ಬಾನಿಯೊಳಗೆ ಮೊಣಕೈವರೆಗೆ ಕೈ ಇಳಿಸಿ. ಕರಿ ಟ್ಯಾಂಕು, ನೆಲದ ಮೇಲಿನ ಕರಿ ಪೈಪು ಎರಡೂ ನೀರನ್ನು ಸ್ನಾನದ ನೀರಿನ ಹದಕ್ಕೆ ತರ್ತವೆ. ಅದನ್ನ ಕುದುರೆ ಮೂಸಿ ಬಿಡದೆ ಇನ್ನೇನು ಮಾಡುತ್ತೆ? ಪೈಪನ್ನು ಒಂದಡಿ ಆಳಕ್ಕೆ ಹೂಳಿ, ಟ್ಯಾಂಕಿಗೆ ನೆರಳು ಮಾಡಿ. ಅಲ್ಲಿವರೆಗೆ ಬೋರ್‌ವೆಲ್‌ನಿಂದ ನೇರ ಬಕೆಟ್ ತುಂಬಿಸಿ. ಇದರಲ್ಲಿ ಲಾಭವೂ ಇದೆ, ಯಾವುದು ಎಷ್ಟು ಕುಡಿಯಿತು ಅಂತ ಲೆಕ್ಕ ಸಿಗುತ್ತೆ. ಈ ಸೆಕೆಗೆ ದೊಡ್ಡ ಕುದುರೆಗೆ ದಿನಕ್ಕೆ 40–50 ಲೀಟರ್ ಬೇಕು. ಹಾಲು ಕೊಡೋದಕ್ಕೆ ಇನ್ನೂ 20 ಸೇರಿಸಿ, ಅದಕ್ಕೇ ಉಳಿದವಕ್ಕಿಂತ ಮರಿತಾಯಿ ಮೊದಲು ಸೋಲ್ತಿದೆ.

ಉಪ್ಪು: ತಲೆಗೆ ದಿನಕ್ಕೆ 30 ಗ್ರಾಂ, ಎರಡು ಹೊತ್ತಿನ ದಾಣಿಯಲ್ಲಿ ಹಂಚಿ. ಕುಡಿಯೋ ನೀರಿಗೆ ಹಾಕಬೇಡಿ, ಇರೋ ಒಂದೇ ಬಾನಿಯೂ ಉಪ್ಪಾದರೆ ಕುಡಿಯೋದನ್ನೇ ಬಿಡುತ್ತೆ.

ಕಣಕಿ ಬಿಡಿಸೋಕಾಗಲ್ಲ ಅಂತ ಗೊತ್ತು. ಆದರೆ ಒರಟು ದಂಟು, ಕಡಿಮೆ ನೀರು, ಇವೆರಡೇ ಸಾಕು ಕರುಳು ಕಟ್ಟೋಕೆ. ಒಂದಿಂಚಿಗೆ ಕತ್ತರಿಸಿ, ಅರ್ಧ ಗಂಟೆ ನೆನೆಸಿ ಹಾಕಿ. ಜೊತೆಗೆ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) 4–5 ಕೆಜಿ. ಒಣಮೇವಿನಲ್ಲಿ ಮುಕ್ಕಾಲು ಪಾಲು ರಾತ್ರಿ 8ರ ಮೇಲೆ, ಬೆಳಗ್ಗೆ 6ರ ಒಳಗೆ ಹೋಗಲಿ, ನಾರು ಅರಗುವಾಗ ಹೊಟ್ಟೆಯೇ ಒಲೆ. ಹುರುಳಿ ರಾತ್ರಿ ನೆನೆಸಿದ್ದು ಬೆಳಗ್ಗೆಯೇ ಖಾಲಿಯಾಗಬೇಕು, ಮಧ್ಯಾಹ್ನಕ್ಕೆ ಹುಳಿ ವಾಸನೆ ಬಂದರೆ ಚೆಲ್ಲಿ. ಬೂಸಾ ಅರ್ಧ ಕೆಜಿ ದಾಟದಿರಲಿ: ಅದರಲ್ಲಿ ರಂಜಕ (ಫಾಸ್ಫರಸ್) ಹೆಚ್ಚು, ತಿಂಗಳುಗಟ್ಟಲೆ ಹಾಕಿದರೆ ಮೂಳೆಯ ಸುಣ್ಣ ಎಳೆದು ಮುಖದ ಎಲುಬು ಊದುತ್ತೆ. ಹಸಿರು ಅಂತ ಬಿಸಿಲಿಗೆ ಬಾಡಿದ ಎಳೆ ಜೋಳ ಕೊಯ್ದು ಹಾಕಬೇಡಿ, ಅದರಲ್ಲಿ ವಿಷ ಇರುತ್ತೆ.

ನಾಡಿ_ನೋಡಿ:
39.2 ಅಂದರೆ ಸದ್ಯ ಗಾಬರಿ ಬೇಡ. ಮಧ್ಯಾಹ್ನ ಎರಡು ಸಲ ನೆರಳಲ್ಲಿ ನಿಲ್ಲಿಸಿ ಕುತ್ತಿಗೆ, ಎರಡೂ ಪಕ್ಕೆ, ತೊಡೆಯ ಒಳಬದಿಗೆ ಬಕೆಟ್ ಮೇಲೆ ಬಕೆಟ್ ಸುರೀರಿ, ಎಂಟು ಹತ್ತು ಬಕೆಟ್. ನಡುವೆ ಒರೆಸುತ್ತಾ ನಿಲ್ಲಬೇಡಿ, ನೀರು ಹರೀತಾ ಇರಲಿ. ಫ್ಯಾನ್ ಆಮೇಲೆ. ಒಣ ಮೈ ಮೇಲೆ 42ರ ಗಾಳಿ ಬೀಸಿದರೆ ಅದು ಕಾಯಿಸೋ ಕೆಲಸವೇ.

40.5 ದಾಟಿತು, ತೂರಾಡ್ತಿದೆ, ಒಸಡು ಒತ್ತಿ ಬಿಟ್ಟರೆ ಬಣ್ಣ ಮರಳೋಕೆ ಎರಡು ಸೆಕೆಂಡಿಗಿಂತ ಹೆಚ್ಚು ಬೇಕು ಅಂದರೆ ನೀರು ಸುರಿಯುತ್ತಲೇ ವೈದ್ಯರನ್ನ ಕರೆಸಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಬಹುದು. ಹತ್ತು ಗಂಟೆ ಕಳೆದರೂ ಲದ್ದಿ ಹಾಕಿಲ್ಲ, ನೆಲ ಕೆರೆದು ಪಕ್ಕೆ ತಿರುಗಿ ನೋಡ್ತಿದೆ ಅಂದರೂ ಅಷ್ಟೆ, ಕಾಯಬೇಡಿ. ಬಾಟಲಿಯಲ್ಲಿ ಎಣ್ಣೆ ಹುಯ್ಯೋ ಪದ್ಧತಿ ಬಿಡಿ, ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆನೋವಿಗಿಂತ ಮುಂಚೆ ಅದೇ ಕೊಲ್ಲುತ್ತೆ.

ರವದಿ_ಚಪ್ಪರ:
ತಗಡಿಗೆ ಎರಡು ಸಲ ಸುಣ್ಣ ಹೊಡಿರಿ, ತೊಳದು ಹೋಗಬಾರದಂದ್ರ ಅಂಟು ಕೂಡಸ್ರಿ. ಅದರ ಮ್ಯಾಲ ಬಿದಿರಿನ ಗಳಾ ಇಟ್ಟು, ತಗಡಿಗೆ ಹತ್ತದಂಗ ನಾಕಿಂಚು ಸಂದು ಬಿಟ್ಟು ಕಬ್ಬಿನ ರವದಿ (ಒಣ ಸೋಗೆ) ಆರಿಂಚು ಹಾಕಿ ಮ್ಯಾಲ ಬಲೆ ಕಟ್ರಿ. ಆ ಸಂದಿನಾಗ ಗಾಳಿ ಆಡೂದೇ ಮುಖ್ಯ, ಒತ್ತಿ ಹಾಕಿದ್ರ ಅರ್ಧಾ ಲಾಭ ಹೋತು. ರವದಿ ಬೆಂಕಿಗೆ ಬಾಳ ಸೂಕ್ಷ್ಮ, ಫ್ಯಾನಿನ ವೈರ್ ಅದರ ಹತ್ರ ಹಾಯಬಾರದು, ವೈರ್ ಕುದುರಿ ಬಾಯಿಗೂ ಎಟುಕಬಾರದು.

ಬೆನ್ನ ಮ್ಯಾಲಿಂದ ತಗದ ಗೋಣಿಚೀಲ ಒಗೀಬ್ಯಾಡ್ರಿ. ಹೊಲದು ಪರದೆ ಮಾಡಿ ಪಶ್ಚಿಮದ ಬಾಗಿಲಿಗೆ ಒಂದಡಿ ಹೊರಗ ಇಳಿ ಬಿಟ್ಟು ತಾಸಿಗೊಮ್ಮೆ ನೀರು ಹೊಡಿರಿ. ಮರಿ ಮಧ್ಯಾಹ್ನ ಬಿಸಿಲಾಗೇ ಮಲಗಿ ಬಿಡತೈತಿ, ನಾಕು ಗಂಟೇಕ್ಕ ನೆರಳು ಎಲ್ಲಿಗೆ ಸರದೈತಿ ನೋಡಿ ಎಬ್ಬಿಸಿ ಅಲ್ಲಿಗೆ ತರ್ರಿ.