ಬೇರಿಂಗ್ ಜಲಸಂಧಿಗೆ ಅಣೆಕಟ್ಟು ಕಟ್ಟಿದರೆ ಧ್ರುವದ ಹಿಮ ಉಳಿದೀತೇ?

ಪ್ರಶ್ನೆ: ಸಾಗರ ವಿಜ್ಞಾನ ಓದಿದವರು ಯಾರಾದರೂ ಹೇಳಿ. ಅಲಾಸ್ಕಾ ಮತ್ತು ರಷ್ಯಾ ನಡುವಿನ ಬೇರಿಂಗ್ ಜಲಸಂಧಿ ಅಗಲ ಸುಮಾರು 85 ಕಿ.ಮೀ., ಆಳ 50 ಮೀಟರ್ ಅಷ್ಟೇ ಅಂತೆ. ಅಲ್ಲೊಂದು ಅಣೆಕಟ್ಟು ಕಟ್ಟಿ ಪೆಸಿಫಿಕ್‌ನ ಬೆಚ್ಚನೆಯ ನೀರನ್ನು ತಡೆದರೆ ಆರ್ಕ್ಟಿಕ್ ಹಿಮ ಉಳಿಯುವುದಿಲ್ಲವೇ?

ಉತ್ತರ (ಸಾಗರ ವಿಜ್ಞಾನಿ): ತಮಾಷೆ ನೋಡಿ, ಅದೇ ಜಾಗದಲ್ಲಿ ಅಣೆಕಟ್ಟು ಕಟ್ಟೋಣ ಎಂದು ಸೋವಿಯತ್ ಎಂಜಿನಿಯರ್ ಪ್ಯೋತ್ರ್ ಬೊರಿಸೋವ್ 1950ರ ದಶಕದಲ್ಲೇ ಹೇಳಿದ್ದರು. ಆದರೆ ಅವರಿಗೆ ಹಿಮ ಕರಗಬೇಕಿತ್ತು! ಆರ್ಕ್ಟಿಕ್‌ನ ತಣ್ಣೀರನ್ನು ಪಂಪ್ ಮಾಡಿ ಪೆಸಿಫಿಕ್‌ಗೆ ಚೆಲ್ಲಿದರೆ ಅಟ್ಲಾಂಟಿಕ್‌ನ ಬೆಚ್ಚನೆಯ ನೀರು ಒಳಗೆ ಬರುತ್ತದೆ ಅನ್ನೋದು ಅವರ ಲೆಕ್ಕ.

ಈಗ ಆ ಜಲಸಂಧಿಯಲ್ಲಿ ಸೆಕೆಂಡಿಗೆ ಸುಮಾರು 10 ಲಕ್ಷ ಘನ ಮೀಟರ್ ನೀರು ಉತ್ತರಕ್ಕೆ ಹರಿಯುತ್ತದೆ. ಪ್ರಪಂಚದ ನದಿಗಳೆಲ್ಲ ಸೇರಿದರೂ ಹೆಚ್ಚುಕಡಿಮೆ ಅಷ್ಟೇ. ಬೇಸಿಗೆಯಲ್ಲಿ ಅದು ಶಾಖ ತರುವುದು ನಿಜ. ಆದರೆ ಅದರಲ್ಲಿ ಉಪ್ಪು ಕಡಿಮೆ, ಹಾಗಾಗಿ ಹಗುರ. ಆರ್ಕ್ಟಿಕ್‌ನ ಮೇಲ್ಪದರ ಇಂಥ ಹಗುರ, ತಣ್ಣನೆಯ ನೀರು. ಅದರ ಕೆಳಗೆ ಅಟ್ಲಾಂಟಿಕ್‌ನಿಂದ ಬಂದ ಉಪ್ಪಾದ, ಬೆಚ್ಚನೆಯ ನೀರಿದೆ. ಮೇಲಿನದು ಮುಚ್ಚಳದ ಹಾಗೆ ಆ ಶಾಖವನ್ನು ಅದುಮಿಟ್ಟಿದೆ. ಪೆಸಿಫಿಕ್ ನೀರು ನಿಂತು ಮುಚ್ಚಳ ತೆಳುವಾದರೆ ಕೆಳಗಿನ ಶಾಖ ಹಿಮಕ್ಕೆ ತಾಗಬಹುದು. ಮೇಲಾಗಿ ಉಪ್ಪು ಕಡಿಮೆಯಿರುವ ಈ ನೀರಿನ ಒಂದು ಪಾಲು ಉತ್ತರ ಅಟ್ಲಾಂಟಿಕ್ ಸೇರುತ್ತದೆ. ಅಲ್ಲಿ ತಣ್ಣಗಾಗಿ ಭಾರವಾದ ಉಪ್ಪುನೀರು ಮುಳುಗುವುದರ ಮೇಲೆಯೇ ಬೆಚ್ಚನೆಯ ನೀರನ್ನು ಉತ್ತರಕ್ಕೆ ಎಳೆದು, ತಣ್ಣೀರನ್ನು ಆಳದಲ್ಲಿ ದಕ್ಷಿಣಕ್ಕೆ ಕಳಿಸುವ ಅಟ್ಲಾಂಟಿಕ್‌ನ ದೊಡ್ಡ ಚಲನೆ ಅವಲಂಬಿಸಿರೋದು. ಉಪ್ಪಿನ ಲೆಕ್ಕ ಕೆಡಿಸಿದರೆ ಪರಿಣಾಮ ಯುರೋಪಿನ ಹವಾಮಾನದವರೆಗೂ ಹೋಗುತ್ತದೆ.

ಮರುಪ್ರಶ್ನೆ: ಹಾಗಾದರೆ ಇಂಥದ್ದು ಎಲ್ಲೂ ಆಗೋದಿಲ್ವಾ ಸರ್?

ಉತ್ತರ: ನನಗೆ ಸ್ವಲ್ಪವಾದರೂ ಅರ್ಥವಿದೆ ಅನ್ನಿಸೋದು ಅಂಟಾರ್ಕ್ಟಿಕಾದ ಥ್ವೇಟ್ಸ್ ಹಿಮನದಿಯ ಯೋಜನೆ. ಆರ್ಕ್ಟಿಕ್ ಸಮುದ್ರದಲ್ಲಿ ತೇಲುವ ಹಿಮ ಕರಗಿದರೆ ಸಮುದ್ರಮಟ್ಟ ಹೆಚ್ಚೇನೂ ಏರದು. ಆದರೆ ನೆಲದ ಮೇಲೆ ಕೂತಿರುವ ಥ್ವೇಟ್ಸ್‌ನ ಹಿಮವೆಲ್ಲ ಹೋದರೆ ಸುಮಾರು 65 ಸೆಂ.ಮೀ. ಏರುತ್ತದೆ. ಅದನ್ನು ಕೊರೆಯುತ್ತಿರುವುದು ಆಳದಲ್ಲಿ ನುಗ್ಗುವ ಬೆಚ್ಚನೆಯ ನೀರು. ಸಮುದ್ರತಳಕ್ಕೆ ಲಂಗರು ಹಾಕಿದ, ಸುಮಾರು 80 ಕಿ.ಮೀ. ಉದ್ದದ ಪರದೆಯಿಂದ ಅದನ್ನು ತಡೆಯಬಹುದು ಎಂದು ಜಾನ್ ಮೂರ್, ಮೈಕೆಲ್ ವೊಲೊವಿಕ್ ಮುಂತಾದ ಹಿಮ ವಿಜ್ಞಾನಿಗಳ ಪ್ರಸ್ತಾಪ. ಕಾಗದದಲ್ಲಿ ಚೆಂದ. ಆದರೆ ತೇಲಿಬರುವ ಹಿಮಬಂಡೆಗಳ ತಳ ಪರದೆಗೆ ಗುದ್ದಿದರೆ? ತಡೆದ ನೀರು ಪಕ್ಕದ ಹಿಮನದಿಗೆ ನುಗ್ಗಿದರೆ? ನಾನಂತೂ ಮೊದಲು ಸಣ್ಣ ಕೊಲ್ಲಿಯೊಂದರಲ್ಲಿ ಪರೀಕ್ಷಿಸಿ ಅನ್ನುತ್ತೇನೆ.

ಇನ್ನೊಬ್ಬ ಸದಸ್ಯೆ: ಒಪ್ಪಿಗೆ ಯಾರು ಕೊಡಬೇಕು?

ಉತ್ತರ: ಬೇರಿಂಗ್ ಆದರೆ ಮೊದಲಿಗೆ ಅಮೆರಿಕ, ರಷ್ಯಾ ಎರಡೂ ಒಪ್ಪಬೇಕು. ಅಂಟಾರ್ಕ್ಟಿಕಾದಲ್ಲಿ 1959ರ ಒಪ್ಪಂದದಂತೆ ಮತಾಧಿಕಾರವಿರುವ ದೇಶಗಳು ಒಮ್ಮತದಿಂದ ತೀರ್ಮಾನಿಸುತ್ತವೆ. ಅದರಲ್ಲೂ ರಷ್ಯಾ, ಅಮೆರಿಕ ಎರಡೂ ಇವೆ.