ಮೊಲದ ಮರಿ ತುಂಬಾ ಚಿಕ್ಕದಿದೆ, ಭೇದಿ ಬೇರೆ ಶುರುವಾಗಿದೆ, ಏನು ಕೊಡ್ಬೇಕು ಹೇಳಿ

ಮಲ್ನಾಡ್‌ಮಳೆ (ಶಿವಮೊಗ್ಗ):

ಎಲ್ರಿಗೂ ನಮಸ್ಕಾರ. ಸಂತೆ ಹತ್ರ ಒಬ್ಬ ಬುಟ್ಟೀಲಿ ಮೊಲದ ಮರಿ ಇಟ್ಕೊಂಡು ಮಾರ್ತಿದ್ದ, ಮಗಳು ಹಠ ಹಿಡಿದ್ಲು, ನಮ್ಮೆಜಮಾನ್ರು ಒಂದು ತಂದೇ ಬಿಟ್ರು. ಬಿಳೀದು, ಕೆಂಪು ಕಣ್ಣು. ಎರಡು ತಿಂಗಳಿನ ಮರಿ ಅಂತ ಹೇಳಿ ಕೊಟ್ಟಿದಾನಂತೆ ಆದ್ರೆ ಇದು ನನ್ನ ಒಂದು ಅಂಗೈಲಿ ಪೂರ್ತಿ ಕೂರುತ್ತೆ, ಅಡುಗೆಮನೆ ತಕ್ಕಡೀಲಿಟ್ರೆ 260 ಗ್ರಾಂ ತೋರಿಸ್ತು. ಕಣ್ಣು ಬಿಟ್ಟಿದೆ, ಕಿವಿ ನೆಟ್ಟಗಿದೆ, ಓಡಾಡುತ್ತೆ. ಮೊದಲ್ನೇ ದಿನ ಕ್ಯಾರೆಟ್ ತುರಿ, ಎಲೆಕೋಸು ಕೊಟ್ವಿ, ಖುಷಿಯಾಗಿ ತಿಂತು. ನಿನ್ನೆ ಸಂಜೆಯಿಂದ ಹಿಕ್ಕೆ ಗುಂಡಗೆ ಬರ್ತಿಲ್ಲ, ಪೇಸ್ಟ್ ಥರ ಬರ್ತಿದೆ, ಬಾಲದ ಹತ್ರ ಎಲ್ಲಾ ಅಂಟ್ಕೊಂಡಿದೆ, ವಾಸನೆ. ಇವತ್ತು ಬೆಳಿಗ್ಗೆಯಿಂದ ಮೂಲೇಲಿ ಮುದುಡ್ಕೊಂಡು ಕೂತಿದೆ. ನಮ್ಮತ್ತೆ ಬಿಸಿನೀರಲ್ಲಿ ತೊಳೆದುಬಿಡು ಅಂತಿದಾರೆ. ಇಲ್ಲಿ ಬಿಡದೆ ಮಳೆ, ಮನೆಯೆಲ್ಲಾ ಥಂಡಿ. ಹಾಲು ಕೊಡ್ಬೇಕಾ? ಏನು ಮಾಡ್ಲಿ ಗೊತ್ತಾಗ್ತಿಲ್ಲ, ಯಾರಾದ್ರೂ ಸಾಕಿರೋರು ಬೇಗ ಹೇಳಿ ಪ್ಲೀಸ್.

ಕಾಫಿಪುಡಿ:

ಭಯ ಬೀಳ್ಬೇಡಿ ಮೇಡಂ. ನಂದಿನಿ ಹಾಲಿಗೆ ಅರ್ಧ ನೀರು ಬೆರೆಸಿ ಕಾಯಿಸಿ ಆರಿಸಿ ಫಿಲ್ಲರ್‌ನಲ್ಲಿ ದಿನಕ್ಕೆ ನಾಕೈದು ಸಲ ಕುಡಿಸಿ. ಚಿಕ್ಕಂದಿನಲ್ಲಿ ನಮ್ಮನೇಲಿ ಎಲ್ಲಾ ಮರಿಗೂ ಇದೇ ಮಾಡ್ತಿದ್ದಿದ್ದು.

ಬಿಳಿಕಿವಿ (ಮೈಸೂರು):

ಹಸುವಿನ ಹಾಲು ಬೇಡ, ಈಗಂತೂ ಬೇಡವೇ ಬೇಡ. ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ, ಆದ್ರೆ ಮೊದಲು ಇದನ್ನ ಓದಿ: ಮೊಲದ ಮರಿಗೆ ನೀರಾಗಿ ಭೇದಿ ಆಗಿ ಮುದುಡ್ಕೊಂಡು ಕೂತಿದೆ ಅಂದ್ರೆ ಅದು ನಾಳೆ ನೋಡೋಣ ಅನ್ನೋ ವಿಷಯ ಅಲ್ಲ, ಒಂದು ದಿನದೊಳಗೆ ಜೀವ ಹೋಗ್ಬಹುದು. ನೀವು ಶಿವಮೊಗ್ಗದಲ್ಲೇ ಇದೀರಲ್ಲ, ವಿನೋಬನಗರದಲ್ಲಿ ವೆಟರ್ನರಿ ಕಾಲೇಜಿದೆ, ಇವತ್ತೇ ಕರ್ಕೊಂಡು ಹೋಗಿ, ಹೋಗುವಾಗ ಒಂಚೂರು ಹಿಕ್ಕೆ ಡಬ್ಬೀಲಿ ಹಾಕ್ಕೊಂಡು ಹೋಗಿ, ಟೆಸ್ಟ್ ಮಾಡ್ತಾರೆ.

ಈಗ ವಯಸ್ಸಿನ ವಿಷಯ. 260 ಗ್ರಾಂ, ಅಂಗೈ ಸೈಜು ಅಂದ್ರೆ ಎರಡು ತಿಂಗಳಂತೂ ಸಾಧ್ಯನೇ ಇಲ್ಲ, ನನ್ನ ಲೆಕ್ಕದಲ್ಲಿ ಮೂರು ವಾರದ ಆಸುಪಾಸು. ಮೊಲದ ಮರಿ ಕಣ್ಣು ಬಿಡೋದೇ 10-12 ದಿನಕ್ಕೆ, ಗೂಡಿಂದ ಹೊರಗೆ ಬಂದು ಏನಾದ್ರೂ ಮೂಸಿ ಕಚ್ಚೋಕೆ ಶುರು ಮಾಡೋದು ಎರಡೂವರೆ ಮೂರು ವಾರಕ್ಕೆ. ಹಾಗಂತ ಹಾಲು ಬಿಟ್ಟಿದೆ ಅಂತ ಅರ್ಥ ಅಲ್ಲ, ಆರು ವಾರದ ತನಕ ತಾಯಿ ಹಾಲು ನಡೀತಾ ಇರುತ್ತೆ, ಎಂಟು ವಾರ ಆಗೋ ತನಕ ಬೇರೆ ಮಾಡಬಾರದು. ಮಾರೋರು ಮುದ್ದಾಗಿ ಕಂಡ್ರೆ ಬೇಗ ಖಾಲಿಯಾಗುತ್ತೆ ಅಂತ ಮೂರ್ನಾಕು ವಾರಕ್ಕೇ ಎತ್ಕೊಂಡು ಬಂದ್ಬಿಡ್ತಾರೆ, ಅವರಿಗೆ ವಯಸ್ಸು ಕೇಳಿದ್ರೆ ಯಾವತ್ತೂ ಎರಡು ತಿಂಗಳೇ.

ಇದ್ಯಾಕೆ ಇಷ್ಟು ಮುಖ್ಯ ಅಂದ್ರೆ, ಹಾಲು ಕುಡಿಯೋ ಮರಿ ಹೊಟ್ಟೇಲಿ ಆಮ್ಲ ಕಮ್ಮಿ ಇರುತ್ತೆ. ಆ ವಯಸ್ಸಲ್ಲಿ ಅದನ್ನ ಕಾಪಾಡೋದು ತಾಯಿ ಹಾಲಿಂದ ಹೊಟ್ಟೇಲಿ ತಯಾರಾಗೋ ಒಂಥರಾ ಕೊಬ್ಬು, ಕೆಟ್ಟ ಬ್ಯಾಕ್ಟೀರಿಯಾನ ಅದೇ ತಡೀತಿರುತ್ತೆ. ದಿಢೀರ್ ಅಂತ ತಾಯಿಯಿಂದ ಬಿಡಿಸಿದ್ರೆ ಆ ಕೊಬ್ಬೂ ಇಲ್ಲ, ದೊಡ್ಡ ಮೊಲದ ಹೊಟ್ಟೇಲಿರೋ ಗಟ್ಟಿ ಆಮ್ಲನೂ ಇನ್ನೂ ಬಂದಿಲ್ಲ, ಮಧ್ಯದಲ್ಲಿ ಸಿಕ್ಕಾಕ್ಕೊಂಡಿರುತ್ತೆ. ಅಂಥ ಟೈಮಲ್ಲಿ ಕ್ಯಾರೆಟ್‌ನ ಸಕ್ಕರೆ, ಕೋಸಿನ ಗ್ಯಾಸು ಎರಡೂ ಒಳಗೆ ಹೋದ್ರೆ ಕರುಳಲ್ಲಿ ಬೇಡದ ರೋಗಾಣು ಬೆಳೆಯೋಕೆ ಹಬ್ಬ.

ಕಾಫಿಪುಡಿ ಅವರೇ, ಬೇಜಾರಾಗ್ಬೇಡಿ, ಮೊಲದ ಹಾಲಲ್ಲಿ ಕೊಬ್ಬು 12% ಹತ್ರ ಇರುತ್ತೆ, ಪ್ರೋಟೀನ್ 10% ಮೇಲೆ, ಹಾಲಿನ ಸಕ್ಕರೆ ಮಾತ್ರ ತೀರಾ ಕಮ್ಮಿ. ನಂದಿನಿ ನೀಲಿ ಪ್ಯಾಕೆಟ್‌ನಲ್ಲಿ ಕೊಬ್ಬು 3%, ಸಕ್ಕರೆ ಅದಕ್ಕಿಂತ ಜಾಸ್ತಿ, ಅದಕ್ಕೂ ಅರ್ಧ ನೀರು ಹಾಕಿದ್ರೆ ಏನು ಉಳೀತು? ಇನ್ನು ದಿನಕ್ಕೆ ನಾಕೈದು ಸಲ ಯಾಕೆ, ತಾಯಿ ಮೊಲ ಮರಿಗೆ ಹಾಲು ಕೊಡೋದೇ ದಿನಕ್ಕೆ ಒಂದು ಸಲ, ಹೆಚ್ಚಂದ್ರೆ ಎರಡು ಸಲ, ಅದೂ ರಾತ್ರಿನೋ ಬೆಳಗಿನ ಜಾವನೋ, ಮೂರ್ನಾಕು ನಿಮಿಷ.

ಈಗ ಆಸ್ಪತ್ರೆಗೆ ಹೋಗೋ ತನಕ ಏನು ಮಾಡ್ಬೇಕು ಅಂದ್ರೆ:

ಬೆಚ್ಚಗಿಡಿ. ರಟ್ಟಿನ ಡಬ್ಬಕ್ಕೆ ಹಳೇ ಕಾಟನ್ ಬಟ್ಟೆ ಹಾಸಿ, ಬಾಟ್ಲಿಗೆ ಬಿಸಿನೀರು ತುಂಬಿ ಟವಲ್ ಸುತ್ತಿ ಡಬ್ಬದ ಒಂದೇ ಬದಿಗೆ ಇಡಿ, ಶೆಖೆ ಆದ್ರೆ ಮರಿ ಆಕಡೆ ಸರಿದುಕೊಳ್ಳೋ ಹಾಗಿರ್ಬೇಕು. ಕ್ಯಾರೆಟ್ಟು ಕೋಸು ಬಿಸ್ಕೆಟ್ಟು ಹಣ್ಣು ಎಲ್ಲಾ ಬಂದ್. ಒಣಹುಲ್ಲು ಇದ್ರೆ ಮುಂದೆ ಇಡಿ, ಅಗಲವಾದ ಭಾರದ ಬಟ್ಟಲಲ್ಲಿ ನೀರಿಡಿ, ಆಳ ಬೇಡ. ಸ್ನಾನ ಖಂಡಿತ ಬೇಡ, ಅತ್ತೆಗೆ ನೀವೇ ಹೇಗಾದ್ರೂ ಹೇಳಿ, ಒದ್ದೆಯಾದ್ರೆ ಮರಿ ಮೈ ಒಣಗೋಕೆ ಗಂಟೆಗಟ್ಟಲೆ ಬೇಕು, ಆ ಥಂಡಿಗೇ ಹೋಗ್ಬಿಡುತ್ತೆ. ಬಾಲದ ಹತ್ರ ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಹಿಂಡಿ ಒರೆಸಿ, ತಕ್ಷಣ ಒಣಬಟ್ಟೇಲಿ ಒತ್ತಿ.

ಕಾಫಿಪುಡಿ:

ಅದೆಲ್ಲಾ ಇಂಟರ್ನೆಟ್ ಲೆಕ್ಕ ಸಾರ್. ನಮ್ಮಜ್ಜಿ ಮನೇಲಿ ಹಸುವಿನ ಹಾಲು ಕುಡಿದೇ ಎಷ್ಟೋ ಮೊಲ ಬೆಳೆದಿದೆ.

ಹಳ್ಳಿಹೈದ:

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಮಾತು ಈ ಥ್ರೆಡ್ಡಿಗೆ ಹೇಳಿ ಮಾಡಿಸಿದ ಹಾಗಿದೆ 😄 ಬದುಕಿದ ಮೊಲ ಎಲ್ರಿಗೂ ನೆನಪಿರುತ್ತೆ ಗುರು, ಬುಟ್ಟೀಲಿ ಸತ್ತಿದ್ದನ್ನ ಮಕ್ಕಳಿಗೆ ಗೊತ್ತಾಗದಂಗೆ ಹಿತ್ತಲಲ್ಲಿ ಹೂತು ಬರ್ತಿದ್ದಿದ್ದು ಯಾರು ಲೆಕ್ಕ ಇಟ್ಟಿದಾರೆ.

ಅಂದಹಾಗೆ ಬಿಳಿ ಮರಿ ಅಂತ ಹೇಳಿದ್ದು ಒಳ್ಳೇದಾಯ್ತು. ನಮ್ಕಡೆ ಹೊಲ ಕೊಯ್ಯುವಾಗ ಕಂದು ಬಣ್ಣದ ಮರಿ ಸಿಕ್ತು ಅಂತ ಮನೆಗೆ ತಂದ್ಬಿಡ್ತಾರೆ, ಅದು ಕಾಡುಮೊಲ, ಜಾತಿನೇ ಬೇರೆ, ಹುಟ್ಟುವಾಗ್ಲೇ ಮೈ ತುಂಬಾ ಕೂದಲು, ಕಣ್ಣು ಬಿಟ್ಕೊಂಡೇ ಹುಟ್ಟುತ್ತೆ. ಸಾಕೋ ಮೊಲದ್ದು ಬರೀ ಮೈ, ಕಣ್ಣು ಮುಚ್ಚಿರುತ್ತೆ. ಕಾಡುಮೊಲ ಇಟ್ಕೊಳ್ಳೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ತಾಯಿ ಹಗಲಲ್ಲಿ ಹತ್ರ ಬರಲ್ಲ ಅಷ್ಟೇ, ಬಿಟ್ಟು ಹೋಗಿರಲ್ಲ, ಸಿಕ್ಕಿದಲ್ಲೇ ಬದುವಿನ ಮರೇಲಿ ಇಟ್ಟು ಬನ್ನಿ. ಇದು ನಿಮಗಲ್ಲ ಮೇಡಂ, ಓದೋ ಬೇರೆಯವರಿಗೆ.

ಧಾರವಾಡಪೇಡೆ:

ನಾ ಮೊಲ ಸಾಕಾಕತ್ತಿ ಭಾಳ ವರ್ಷ ಆತ್ರಿ, ಮೊದಲು ಫಾರ್ಮ್ ಇತ್ತು, ಈಗ ಮನಿಯಾಗ ಅಷ್ಟ. ಬಿಳಿಕಿವಿಯವರು ಹೇಳಿದ್ದು ಖರೇ ಐತಿ, ಅದಕ್ಕ ಇನ್ನೊಂದೆರಡು ಸೇರಸ್ತೀನಿ. ಈ ವಯಸ್ಸಿನ ಮರಿಗೆ ಭೇದಿ ಅಂದ್ರ ತಿನ್ನೋದರಿಂದನ ಅಂತ ಅನ್ಕೋಬ್ಯಾಡ್ರಿ, ಕಾಕ್ಸಿಡಿಯಾ ಅಂತ ಕರುಳಿನ ರೋಗ ಐತಿ, ಒಂದ ಬುಟ್ಟ್ಯಾಗ ಹತ್ತಿಪ್ಪತ್ತು ಮರಿ ತುಂಬಿ ಮಾರ್ತಾರಲ್ರಿ, ಅಲ್ಲಿ ಒಂದರ ಹಿಕ್ಕಿಯಿಂದ ಇನ್ನೊಂದಕ್ಕ ಹತ್ತತೈತಿ. ಹಿಕ್ಕಿ ಸೂಕ್ಷ್ಮದರ್ಶಕದಾಗ ನೋಡಿದ್ರ ಗೊತ್ತಾಗತೈತಿ, ಔಷಧ ಐತಿ, ಲಗೂನ ಕೊಟ್ರ ಉಳೀತಾವು.

ಡಾಕ್ಟರ್ ಹತ್ರ ಹ್ವಾದಾಗ ಮೊಲ ಅಂತ ಒತ್ತಿ ಹೇಳ್ರಿ, ದನ ನಾಯಿ ನೋಡೋ ಕಡೆ ಗದ್ದಲದಾಗ ಒಮ್ಮೊಮ್ಮೆ ತಪ್ಪಿ ಹೋಗತೈತಿ. ಅಮಾಕ್ಸಿಸಿಲಿನ್, ಪೆನ್ಸಿಲಿನ್ ಜಾತಿ ಔಷಧ ಬಾಯಾಗ ಹಾಕಿದ್ರ ಮೊಲದ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಪೂರಾ ಸತ್ತು ಮೊಲಾನ ಸಾಯತೈತಿ. ಮನ್ಯಾಗ ಹುಡುಗರಿಗೆ ತಂದಿದ್ದು ಸಿರಪ್ ಉಳದೈತಿ ಅಂತ ಅದನ್ನ ಹನಿ ಹಾಕಬ್ಯಾಡ್ರಿ. ನಾಯಿಗೆ ಉಣ್ಣಿ ಹೋಗಾಕ ಹಾಕೋ ಫಿಪ್ರೊನಿಲ್ ಸ್ಪ್ರೇನೂ ಮೊಲಕ್ಕ ವಿಷ. ಮುಂದ ಕಿವಿ ಮೂಗಿನ ಮ್ಯಾಲೆ ಬಿಳಿ ಹೊಪ್ಪಳ ಎದ್ರ ಅದು ಕಜ್ಜಿ, ನಮ್ಮ ಕಡೆ ಭಾಳ ಬರತೈತಿ, ಅದಕ್ಕ ಐವರ್‌ಮೆಕ್ಟಿನ್ ಇಂಜೆಕ್ಷನ್ ಡಾಕ್ಟರ್ ತೂಕ ನೋಡಿ ಮಾಡ್ತಾರ, ಬೇವಿನೆಣ್ಣಿ ಹಚ್ಚಿಕೋಂತ ಕುಂದ್ರಬ್ಯಾಡ್ರಿ.

ಕಿವಿ ಹಿಡಿದು ಎತ್ತೂದು ಸಿನಿಮಾದಾಗ ಜಾದೂ ಮಾಡೋರು ಮಾಡ್ತಾರ, ನೀವು ಮಾಡಬ್ಯಾಡ್ರಿ. ಒಂದು ಕೈ ಎದಿ ಕೆಳಗ, ಇನ್ನೊಂದು ಕೈ ಕುಂಡಿ ಕೆಳಗ. ಹಿಂಗಾಲು ಜೋತುಬಿದ್ದು ಝಾಡಿಸಿದ್ರ ಬೆನ್ನೆಲುಬ ಮುರೀತೈತಿ. ಸಣ್ಣ ಹುಡುಗಿಗೆ ನೆಲದ ಮ್ಯಾಲೆ ಕುಂತ ಆಡಸಾಕ ಹೇಳ್ರಿ.

ಮಲ್ನಾಡ್‌ಮಳೆ:

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಮಧ್ಯಾಹ್ನವೇ ಹೋಗಿ ಬಂದ್ವಿ. ಹಿಕ್ಕೆ ನೋಡಿ ಧಾರವಾಡದೋರು ಹೇಳಿದ ಅದೇ ಕಾಕ್ಸಿಡಿಯಾ ಅಂದ್ರು, ಔಷಧ ಬರ್ಕೊಟ್ರು, ಬೆನ್ನ ಚರ್ಮದ ಕೆಳಗೆ ಗ್ಲೂಕೋಸ್ ನೀರಿನ ಥರ ಏನೋ ಕೊಟ್ರು. ಅವರೂ ಮೂರರಿಂದ ಮೂರೂವರೆ ವಾರ ಅಂದ್ರು. ಈಗ ಸ್ವಲ್ಪ ಕಣ್ಣು ಬಿಟ್ಕೊಂಡು ನೋಡ್ತಿದೆ. ಹಾಲು ಬೇಕಾದ್ರೆ ಮೇಕೆ ಹಾಲು ಸ್ವಲ್ಪ ಕೊಡಿ ಅಂದ್ರು ಆದ್ರೆ ಹೇಗೆ ಕುಡಿಸೋದು ಕೇಳೋದೇ ಮರೆತೆ. ಮತ್ತೆ ಹುಲ್ಲು ಯಾವ ಹುಲ್ಲು? ಇಲ್ಲಿ ಹೊರಗೆಲ್ಲಾ ಮಳೇಲಿ ನೆಂದ ಹುಲ್ಲೇ. ಭತ್ತದ ಹುಲ್ಲು ಪಕ್ಕದ ಮನೆ ಕೊಟ್ಟಿಗೇಲಿ ಇದೆ. ಇನ್ನೊಂದು, ನಮ್ಮನೇಲಿ ಬೆಕ್ಕಿದೆ.

ಬಿಳಿಕಿವಿ:

ಸದ್ಯ! ಕೇಳಿ ಜೀವ ಬಂತು. ಡಾಕ್ಟ್ರು ಹೇಳಿದ ಕೋರ್ಸ್ ಪೂರ್ತಿ ಮುಗಿಸಿ, ಹಿಕ್ಕೆ ಸರಿಯಾಯ್ತು ಅಂತ ಮಧ್ಯದಲ್ಲಿ ನಿಲ್ಲಿಸ್ಬೇಡಿ. ಡಬ್ಬದ ಬಟ್ಟೆ ದಿನಾ ಬದಲಾಯಿಸಿ, ಇಲ್ಲಾಂದ್ರೆ ಅದೇ ರೋಗ ಅದರ ಹಿಕ್ಕೆಯಿಂದ ಅದಕ್ಕೇ ವಾಪಸ್ ಹತ್ತುತ್ತೆ.

ಹಾಲು ಕುಡಿಸೋದು: ಸೂಜಿ ಇಲ್ಲದ 1 ಎಂಎಲ್ ಸಿರಿಂಜ್ ತಗೊಳ್ಳಿ. ಮರಿನ ಮಗು ಥರ ಅಂಗಾತ ಮಲಗಿಸ್ಬೇಡಿ, ಹಾಲು ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ. ನಾಲ್ಕೂ ಕಾಲೂರಿ ಕೂತಿರೋ ಹಾಗೇ ಬಾಯಿಯ ಪಕ್ಕದಿಂದ ಒಂದೊಂದೇ ಹನಿ, ಅದು ನೆಕ್ಕಿ ನುಂಗಿದ ಮೇಲೆ ಇನ್ನೊಂದು. ಬೆಳಿಗ್ಗೆ ಒಂದ್ಸಲ ರಾತ್ರಿ ಒಂದ್ಸಲ, ಒಂದು ಸಲಕ್ಕೆ 10-15 ಎಂಎಲ್ ದಾಟೋದು ಬೇಡ, ಹೊಟ್ಟೆ ತಮಟೆ ಥರ ಬಿಗಿಯಾಗಬಾರ್ದು. ಬೇಡ ಅಂದ್ರೆ ಬಿಟ್ಬಿಡಿ, ಬಲವಂತ ಮಾಡಿದ್ರೇನೇ ಅಪಾಯ. ಬೆಕ್ಕಿನ ಮರಿಗೆ ಕೊಡೋ ಹಾಲಿನ ಪುಡಿ ಸಿಕ್ರೆ ಅದೂ ಆಗುತ್ತೆ. ನಾಕೈದು ವಾರ ಆಗ್ತಿದ್ದ ಹಾಗೆ ನಿಧಾನಕ್ಕೆ ಕಮ್ಮಿ ಮಾಡ್ತಾ ನಿಲ್ಲಿಸಿ.

ಹುಲ್ಲಿನ ವಿಷಯ. ಭತ್ತದ ಹುಲ್ಲು ಹಾಸೋಕೆ ಚೆನ್ನಾಗಿದೆ, ಕಡೀಲಿ ಪರವಾಗಿಲ್ಲ, ಆದ್ರೆ ಬೆಳೆಯೋ ಮರಿಗೆ ಅದರಲ್ಲಿ ಸಾರ ಇಲ್ಲ. ಕುದುರೆ ಮೆಂತೆ ಒಣಗಿಸಿದ್ದು ಸಿಕ್ರೆ ಈ ವಯಸ್ಸಿಗೆ ಅದಕ್ಕಿಂತ ಒಳ್ಳೇದಿಲ್ಲ, ಪೆಟ್ ಶಾಪಲ್ಲಿ ಆಲ್ಫಾಲ್ಫಾ ಅಂತ ಮಾರೋದು ಅದನ್ನೇ. ಆದ್ರೆ ಆರು ತಿಂಗಳಾದ ಮೇಲೆ ನಿಲ್ಲಿಸ್ಬೇಕು, ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ, ದೊಡ್ಡ ಮೊಲಕ್ಕೆ ಮೂತ್ರದಲ್ಲಿ ಕಲ್ಲು ಕಟ್ಟುತ್ತೆ. ಆಮೇಲೆ ಟಿಮೋತಿ ಹುಲ್ಲು, ಅಥವಾ ನಮ್ಮ ಗರಿಕೆ. ಹೂವಿನಂಗಡೀಲಿ ಗಣಪತಿಗೆ ಅಂತ ಕಟ್ಟು ಮಾರ್ತಾರಲ್ಲ ಅದೇ, ತೊಳೆದು ನೆರಳಲ್ಲಿ ಹರಡಿ ನೀರು ಪೂರ್ತಿ ಆರಿಸಿ. ನೆಂದ ಹುಲ್ಲು ರಾಶಿ ಹಾಕಿಟ್ಟು ಬಿಸಿಯಾಗಿದ್ರೆ, ಬೂಷ್ಟು ಹಿಡಿದಿದ್ರೆ ಎಸೀರಿ. ಈಗ ಹಸೀದು ಏನೂ ಬೇಡ, ಒಣದ್ದು ಮಾತ್ರ. ಸೊಪ್ಪು ಶುರು ಮಾಡೋದು ಮೂರು ತಿಂಗಳಾದ ಮೇಲೆ, ಒಂದು ಸಲಕ್ಕೆ ಒಂದೇ ಬಗೆ, ಮೊದಲು ಕೊತ್ತಂಬರಿ ನಾಕು ಎಲೆ ಕೊಟ್ಟು ಮಾರ್ನೇ ದಿನ ಹಿಕ್ಕೆ ನೋಡಿ ಆಮೇಲೆ ಮುಂದಿನದು. ಈರುಳ್ಳಿ ಬೆಳ್ಳುಳ್ಳಿ ಆಲೂಗಡ್ಡೆ ಚಾಕಲೇಟು ಯಾವತ್ತೂ ಇಲ್ಲ.

ರಾತ್ರಿ ಹೊತ್ತು ದ್ರಾಕ್ಷಿ ಗೊಂಚಲಿನ ಥರ ಮೆತ್ತಗೆ ಅಂಟಂಟಾದ ಹಿಕ್ಕೆ ಹಾಕಿ ತಾನೇ ತಿಂದ್ರೆ ಗಾಬರಿಯಾಗ್ಬೇಡಿ, ಅದು ಭೇದಿ ಅಲ್ಲ, ಎಲ್ಲಾ ಮೊಲಾನೂ ಹಾಗೇ, ಅದರಲ್ಲಿ ವಿಟಮಿನ್ ಇರುತ್ತೆ. ಉಚ್ಚೆ ಕಿತ್ತಳೆ ಬಣ್ಣ ಬಂದ್ರೂ ಸಾಮಾನ್ಯ. ಗಾಬರಿ ಆಗ್ಬೇಕಾಗಿದ್ದು ತಿನ್ನೋದು ನಿಲ್ಲಿಸಿದ್ರೆ. ಮೊಲಕ್ಕೆ ವಾಂತಿ ಮಾಡೋಕೆ ಬರಲ್ಲ, ಕರುಳು ನಿಂತ್ರೆ ನಿಂತೇ ಹೋಗುತ್ತೆ, ದೊಡ್ಡ ಮೊಲವೇ 12 ಗಂಟೆ ಏನೂ ತಿಂದಿಲ್ಲ ಅಂದ್ರೆ ಆಸ್ಪತ್ರೆಗೆ ಓಡ್ಬೇಕು, ಮರಿಗೆ ಅಷ್ಟೂ ಕಾಯ್ಬೇಡಿ.

ಬೆಕ್ಕು: ಬಾಗಿಲು ಹಾಕೋ ರೂಮಲ್ಲಿಡಿ, ಅಷ್ಟೇ. ನಮ್ ಬೆಕ್ಕು ಸಾಧು ಅನ್ನೋ ಮಾತನ್ನ ನಾನು ನಂಬಲ್ಲ.

ಹಳ್ಳಿಹೈದ:

ಚಾರ್ಜರ್ ವೈರು ಮೇಲೆತ್ತಿ ಕಟ್ಟಿ ಮೇಡಂ, ಅದರ ಹಲ್ಲು ಸಾಯೋತನಕ ಬೆಳೀತಾನೇ ಇರುತ್ತೆ, ಮೊದಲು ಕಣ್ಣು ಬೀಳೋದೇ ವೈರ್ ಮೇಲೆ. ಮತ್ತೆ ತಂತಿ ತಳದ ಪಂಜರ ತರ್ಬೇಡಿ, ಪಾದ ಹುಣ್ಣಾಗುತ್ತೆ.

ಮಲ್ನಾಡ್‌ಮಳೆ:

ಇವತ್ತಿನ ಸುದ್ದಿ: ಹಿಕ್ಕೆ ಗಟ್ಟಿಯಾಗಿದೆ, ಚಿಕ್ಕಚಿಕ್ಕ ಗುಂಡು! ಕುದುರೆ ಮೆಂತೆ ಒಣಗಿಸಿದ್ದು ತರ್ಸಿದ್ವಿ, ಕೂತ್ಕೊಂಡು ಕಟಕಟ ಅಂತ ತಿಂತಿದೆ. ತಲೆ ಆಕಡೆ ಈಕಡೆ ತೂಗ್ತಾ ಇರುತ್ತೆ, ಇದು ಏನಾದ್ರೂ ತೊಂದ್ರೆನಾ? ಮತ್ತೆ ಮಗಳು ರಾಜ ಅಂತ ಹೆಸರಿಟ್ಟಿದಾಳೆ, ಗಂಡೋ ಹೆಣ್ಣೋ ಹೇಗೆ ಗೊತ್ತಾಗುತ್ತೆ? ಒಂಟಿಯಾಗುತ್ತೆ ಅಂತ ಇನ್ನೊಂದು ತರೋಣ ಅಂತಿದಾರೆ ನಮ್ಮೆಜಮಾನ್ರು.

ಧಾರವಾಡಪೇಡೆ:

ಕೆಂಪ ಕಣ್ಣಿನ ಬಿಳಿ ಮೊಲಕ್ಕ ದೃಷ್ಟಿ ಕಮ್ಮಿ ಇರತೈತ್ರಿ, ದೂರದ್ದು ಅಂದಾಜು ಮಾಡಾಕ ತಲಿ ಹಂಗ ತೂಗತಾವು. ತಲಿ ಒಂದ ಕಡೆ ವಾಲಿ ಹಂಗ ನಿಂತಬಿಟ್ರ ಮಾತ್ರ ತೋರಸ್ರಿ. ಗಂಡು ಹೆಣ್ಣು ಈಗ ಹೇಳೋದು ಕಷ್ಟ, ಮಾರೋರು ಹೇಳಿದ್ದಂತೂ ನಂಬಬ್ಯಾಡ್ರಿ, ಎರಡೂವರಿ ಮೂರು ತಿಂಗಳಿಗೆ ಡಾಕ್ಟರ್ ನೋಡಿ ಹೇಳ್ತಾರ. ಅಲ್ಲೀತನಕ ಇನ್ನೊಂದು ತರಾಕ ಹೋಗಬ್ಯಾಡ್ರಿ, ಮೊದಲನೇದು ಇದರ ರೋಗ ಅದಕ್ಕ ಹತ್ತತೈತಿ, ಎರಡನೇದು ಮೂರೂವರಿ ನಾಕು ತಿಂಗಳಿಗೆ ಇವು ಪ್ರಾಯಕ್ಕ ಬರ್ತಾವು, ಒಂದು ತಿಂಗಳಿಗೆ ಮರಿ ಹಾಕ್ತಾವು, ಹಾಕಿದ ದಿನಾನ ಮತ್ತ ಗಬ್ಬ ಆಗ್ತಾವು. ರಾಜಾ ರಾಣಿ ಆತಂದ್ರ ನಿಮ್ಮ ಯಜಮಾನ್ರು ಅದ ಸಂತಿಗೆ ಬುಟ್ಟಿ ತಗೊಂಡು ಹೋಗಿ ಕುಂದ್ರಬೇಕಾಗತೈತಿ ನೋಡ್ರಿ 😂