ಸಹಾಯ ಬೇಕು: ‘ಗಾಟ್’ ಯಾವಾಗ, ‘ಹ್ಯಾಡ್’ ಯಾವಾಗ?

ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹೊರರಾಜ್ಯದ ಪಾರ್ಟಿಗಳಿಗೆ ಇಂಗ್ಲಿಷ್ ಮೇಲ್ ಹಾಕುವುದೂ ನನ್ನ ತಲೆಗೇ ಬಿದ್ದಿದೆ. ‘ಗೆಟ್’ ಅಂದರೆ ಸಿಗು, ತಲುಪು, ಆಗು. ಅಲ್ಲಿವರೆಗೆ ಪರವಾಗಿಲ್ಲ. ‘ಮಾಡಿಸು’ ಅನ್ನುವ ಅರ್ಥ ಬಂದಾಗಲೇ ತೊಡಕು. ‘ಐ ಗಾಟ್ ದ ಕ್ರೇಟ್ಸ್ ಲೋಡೆಡ್’ ಸರಿ. ಡ್ರೈವರ್ ಕೈಲಿ ಸಹಿ ಹಾಕಿಸಿದರೆ ‘ಐ ಗಾಟ್ ಹಿಮ್ ಟು ಸೈನ್’. ಅದೇ ‘ಹ್ಯಾಡ್’ ಬಂದರೆ ‘ಐ ಹ್ಯಾಡ್ ಹಿಮ್ ಸೈನ್’, ‘ಟು’ ಮಾಯ! ನಮ್ಮಲ್ಲಿ ‘ಹಾಕಿಸಿದೆ’ ಅಂದರೆ ಮುಗಿಯಿತು, ಅಲ್ವಾ?

ಡಿಕ್ಷನರಿ ನೋಡಿದೆ, ಪರಿಚಯದ ಮೇಷ್ಟ್ರನ್ನೂ ಕೇಳಿದೆ. ‘ರೂಲ್ ಹಂಗೇ, ಬಾಯಿಪಾಠ ಮಾಡು’ ಅಂದರು. ರೂಲ್ ಗೊತ್ತು, ಅರ್ಥದ ವ್ಯತ್ಯಾಸ ಗೊತ್ತಾಗುತ್ತಿಲ್ಲ. ಒಪ್ಪದವನನ್ನು ಪುಸಲಾಯಿಸಿ ಹಾಕಿಸಿದರೆ ‘ಗಾಟ್’, ಸುಮ್ನೆ ಹೇಳಿ ಹಾಕಿಸಿದರೆ ‘ಹ್ಯಾಡ್’ ಅಂತ ಹಿಡಿಯಬಹುದಾ? ಇಲ್ಲ, ಮೇಲ್‌ನಲ್ಲಿ ಯಾವುದು ಬರೆದರೂ ನಡೆಯುತ್ತಾ?